ತುಮಕೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ: ದಿನನಿತ್ಯ ಎಷ್ಟು ಹೊತ್ತಿನ ಓಡಾಟವನ್ನು ಒಪ್ಪಿಕೊಳ್ಳಬಹುದು?

ಶಿರಾಗೇಟ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ಪೀಣ್ಯದ ಒಂದು ಸಂಸ್ಥೆಯ ಯಂತ್ರ ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆ ಬಿಟ್ಟು ಕಚೇರಿ ಸೇರುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಇಷ್ಟು ವರ್ಷ ಅದು ಹೊರೆ ಎನಿಸಿಲ್ಲ. ಈಗ ಸಂಸ್ಥೆಯವರು ನಮ್ಮ ವಿಭಾಗವನ್ನು ಪೂರ್ತಿಯಾಗಿ ಎಲೆಕ್ಟ್ರಾನಿಕ್ ಸಿಟಿಗೆ ಸಾಗಿಸುವುದೆಂದು ತೀರ್ಮಾನಿಸಿದ್ದಾರೆ. ಸಂಬಳ ಸ್ವಲ್ಪ ಹೆಚ್ಚುತ್ತದೆ, ಬಹಳ ದಿನದಿಂದ ಕಾಯುತ್ತಿದ್ದ ಬಡ್ತಿಯೂ ಜೊತೆಗೇ ಬರುತ್ತದೆ.

ನನ್ನ ಪತ್ನಿ ಇಲ್ಲಿನ ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದಾರೆ. ಆ ಕೆಲಸ ಬಿಟ್ಟರೆ ಅಂಥದ್ದು ಮತ್ತೆ ಸಿಗುವುದಿಲ್ಲ. ಮಗಳು 9ನೇ ತರಗತಿಯಲ್ಲಿದ್ದಾಳೆ. ತಾಯಿಯವರಿಗೆ ಮಂಡಿ ನೋವು ಬಲವಾಗಿ, ಮನೆಯೊಳಗೇ ಹಿಡಿದುಕೊಂಡು ನಡೆಯುತ್ತಾರೆ. ಸಾಲ ಮಾಡಿ ಕಟ್ಟಿಸಿದ ಮನೆಯ ಕಂತು ಇನ್ನೂ ತೀರಿಲ್ಲ. ಹೀಗಾಗಿ ಎಲ್ಲರೂ ಬೆಂಗಳೂರಿಗೆ ಹೋಗಿ ನೆಲೆಸುವುದು ಸದ್ಯಕ್ಕೆ ಆಗದ ಮಾತು. ಉಳಿದಿರುವುದು ಮೂರು ದಾರಿ: ದಿನವೂ ಹೋಗಿ ಬರುವುದು, ನಾನೊಬ್ಬನೇ ಅಲ್ಲಿ ಪಿ.ಜಿ.ಯಲ್ಲಿ ಉಳಿದು ವಾರಕ್ಕೊಮ್ಮೆ ಊರಿಗೆ ಬರುವುದು, ಇಲ್ಲವೇ ಬಡ್ತಿಯನ್ನು ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದು.

ದಿನವೂ ಹೋಗಿ ಬರುವುದಾದರೆ ತುಮಕೂರಿನಿಂದ ಯಶವಂತಪುರದವರೆಗೆ ರೈಲು, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಕೋನಪ್ಪನ ಅಗ್ರಹಾರ. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ ಎರಡೂವರೆ ಗಂಟೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾಗದೇ ಇದ್ದಿದ್ದರೆ ಈ ಪ್ರಶ್ನೆಯನ್ನೇ ನಾನು ಎತ್ತುತ್ತಿರಲಿಲ್ಲ. ಇಲ್ಲಿ ದೂರದಿಂದ ಓಡಾಡುವವರು ಬಹಳ ಮಂದಿ ಇದ್ದೀರಿ. ಇಷ್ಟರ ಮೇಲೆ ಆಗದು ಎಂಬ ಗೆರೆಯನ್ನು ತಾವು ಎಲ್ಲಿ ಎಳೆದುಕೊಂಡಿರಿ, ಏನನ್ನು ನೋಡಿ ಎಳೆದುಕೊಂಡಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹೊರವರ್ತುಲ ರಸ್ತೆಯವನು

ಬೆಂಗಳೂರಿನ ಒಳಗೇ ಇರುವವರ ಪಾಡನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಗರದೊಳಗೆ ಮನೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ಹೊರಗಿನವರಲ್ಲಿ ಇದ್ದೇ ಇರುತ್ತದೆ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ನಗರಕೇಂದ್ರದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕೆಂದು ಬಂದಿತ್ತು. ಅದು ಸರಾಸರಿ. ಸಂಜೆ ಆರೂವರೆಗೆ ಮಳೆ ಹಿಡಿದಾಗ ಸಿಲ್ಕ್ ಬೋರ್ಡ್ ಕಡೆಯಿಂದ ಮಾರತ್ತಹಳ್ಳಿ ಕಡೆಗೆ ಬರುವವನಿಗೆ ಆ ಸರಾಸರಿಯಿಂದ ಯಾವ ಪ್ರಯೋಜನವೂ ಇಲ್ಲ.

ಆದ್ದರಿಂದ ನನ್ನ ಸಲಹೆ ಒಂದೇ. ಸಲೀಸಾದ ದಿನ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಪಕ್ಕಕ್ಕಿಡಿ. ರೈಲು ತಡವಾದ ದಿನ, ಮಳೆ ಬಂದ ದಿನ, ಹಬ್ಬದ ಹಿಂದಿನ ದಿನ ಎಷ್ಟಾಗುತ್ತದೆ ಎಂದು ನೋಡಿ, ಅದನ್ನು ತಾಳಿಕೊಳ್ಳಬಲ್ಲಿರಾ ಎಂದು ಕೇಳಿಕೊಳ್ಳಿ. ಎರಡು ಕಡೆ ವಾಹನ ಬದಲಿಸುವ ದಾರಿಯಲ್ಲಿ ಒಂದು ಕಡೆ ಐದು ನಿಮಿಷ ತಡವಾದರೆ ಮುಂದಿನದ್ದು ತಪ್ಪಿಹೋಗಿ ಅದು ಇಪ್ಪತ್ತು ನಿಮಿಷವಾಗುತ್ತದೆ. ಹಳದಿ ಮಾರ್ಗದಲ್ಲಿ ಆರಂಭದಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು. ರೈಲುಗಳು ಸೇರುತ್ತಾ ಹೋದಂತೆ ಆ ಅಂತರ ಇಳಿಯುತ್ತಾ ಬಂದಿದೆ. ಆದರೂ ನೇರಳೆ ಮತ್ತು ಹಸಿರು ಮಾರ್ಗಗಳಲ್ಲಿ ದಟ್ಟಣೆಯ ವೇಳೆ ಸಿಗುವಷ್ಟು ಬೇಗ ರೈಲು ಸಿಗುತ್ತದೆಂದು ಎಣಿಸಬೇಡಿ.

ನಗರ ಯೋಜನೆಯ ಮೇಷ್ಟ್ರು

ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಬಹಳ ಕಾಲ ಪಾಠ ಮಾಡಿದವನಾದ್ದರಿಂದ ಕೆಲವು ಸಂಗತಿಗಳನ್ನು ಮುಂದಿಡುತ್ತೇನೆ. ಜನರು ಓಡಾಟಕ್ಕೆಂದು ದಿನದಲ್ಲಿ ಮೀಸಲಿಡುವ ಕಾಲ ಎಲ್ಲ ನಗರಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಎಂಬ ವಿಚಾರವನ್ನು 1970ರ ದಶಕದಲ್ಲಿ ಯಾಕೋವ್ ಜಹಾವಿ ಮುಂದಿಟ್ಟರು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಅದನ್ನು ವಿಸ್ತರಿಸಿದರು. ಅವರ ವಾದದ ಪ್ರಕಾರ ಆ ಕಾಲ ದಿನಕ್ಕೆ ಸುಮಾರು ಒಂದು ಗಂಟೆ, ಅಂದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಕಾಲ್ನಡಿಗೆಯ ಯುಗದ ಊರುಗಳು ಚಿಕ್ಕದಾಗಿದ್ದದ್ದು, ಟ್ರಾಮು ಮತ್ತು ರೈಲು ಬಂದ ಮೇಲೆ ಬರ್ಲಿನ್‌ನಂಥ ನಗರಗಳು ಹಿಗ್ಗಿದ್ದು ಈ ಕಾರಣದಿಂದಲೇ ಎಂದು ಅವರು ತೋರಿಸಿದರು. ವಾಹನದ ವೇಗ ಹೆಚ್ಚಿದಾಗ ಮನುಷ್ಯನು ಉಳಿದ ಸಮಯವನ್ನು ಮನೆಯಲ್ಲಿ ಕಳೆಯುವ ಬದಲು ಇನ್ನಷ್ಟು ದೂರ ಹೋಗಲು ಬಳಸುತ್ತಾನೆ. ಶಿರಾಗೇಟ್ ಅವರೇ, ಹಳದಿ ಮಾರ್ಗ ಬಂದದ್ದರಿಂದಲೇ ಈ ಪ್ರಶ್ನೆ ಹುಟ್ಟಿತು ಎಂದು ತಾವು ಬರೆದಿರುವುದು ಅದಕ್ಕೆ ತಕ್ಕ ಉದಾಹರಣೆಯಾಗಿದೆ.

ಈ ಒಂದು ಗಂಟೆಯನ್ನು ನಿಯಮವೆಂದು ಹಿಡಿಯುವುದು ಬೇಡ. ಅದು ಜನಸಮೂಹದ ಸರಾಸರಿಯೇ ಹೊರತು ವ್ಯಕ್ತಿಗೆ ಹಾಕಿದ ಮಿತಿಯಲ್ಲ. ನಮ್ಮ ರಾಜ್ಯದಲ್ಲಿ ಅದರ ಮೂರು ಪಟ್ಟು ಓಡಾಡುವವರು ಸಾವಿರಾರು ಮಂದಿ ಇದ್ದಾರೆ. ಆದರೆ ಇನ್ನೊಂದು ಅಧ್ಯಯನವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನಗನ್ನಿಸುತ್ತದೆ. ಅಲೋಯ್ಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ವರ್ಷಗಟ್ಟಲೆ ಪರಿಶೀಲಿಸಿದರು. ದೂರ ಓಡಾಡುವವನಿಗೆ ಒಳ್ಳೆಯ ಸಂಬಳವೋ ಒಳ್ಳೆಯ ಮನೆಯೋ ಸಿಕ್ಕಿ ಆ ಕಷ್ಟ ಸರಿದೂಗಬೇಕು ಎಂಬುದು ಅರ್ಥಶಾಸ್ತ್ರದ ಎಣಿಕೆ. ಅವರಿಗೆ ಕಂಡದ್ದು ಹಾಗಲ್ಲ: ಓಡಾಟದ ಹೊತ್ತು ಹೆಚ್ಚಿದಂತೆ ಬದುಕಿನ ಬಗೆಗಿನ ತೃಪ್ತಿ ಕಡಿಮೆಯಾಗಿತ್ತು, ಬೇರೆ ಯಾವ ಲಾಭವೂ ಆ ಕೊರತೆಯನ್ನು ತುಂಬಿಕೊಟ್ಟಿರಲಿಲ್ಲ. 2004ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಂದ ಹಿಂದಿನ ದಿನದ ಒಂದೊಂದು ಚಟುವಟಿಕೆಯೂ ಹೇಗನಿಸಿತೆಂದು ಬರೆಸಿಕೊಂಡಾಗ, ಬೆಳಗಿನ ಕೆಲಸದ ಪ್ರಯಾಣವೇ ಎಲ್ಲಕ್ಕಿಂತ ಕೆಳಗೆ ನಿಂತಿತು.

ಹೀಗೇಕಾಗುತ್ತದೆ ಎಂಬುದಕ್ಕೆ ನನ್ನ ತಿಳಿವಳಿಕೆ ಇಷ್ಟು. ಬಡ್ತಿಯ ಆದೇಶಪತ್ರ, ಸಂಬಳದ ಅಂಕಿ, ಸ್ವಂತ ಮನೆ ಇವೆಲ್ಲ ತೀರ್ಮಾನ ಮಾಡುವ ದಿನವೇ ಕಣ್ಣಿಗೆ ಕಾಣುತ್ತವೆ. ಪ್ರಯಾಣದ ಬೆಲೆಯನ್ನು ದಿನವೂ ಸ್ವಲ್ಪಸ್ವಲ್ಪವಾಗಿ ತೆರುತ್ತೇವಾದ್ದರಿಂದ ಆ ದಿನ ಅದು ಕಾಣುವುದಿಲ್ಲ. ಸಂಬಳಕ್ಕೆ ಮೂರು ತಿಂಗಳಲ್ಲಿ ಒಗ್ಗಿಕೊಳ್ಳುತ್ತೇವೆ. ಇಂದು ರೈಲು ಸಮಯಕ್ಕೆ ಬರುವುದೋ ಇಲ್ಲವೋ ಎಂಬ ಆತಂಕಕ್ಕೆ ಒಗ್ಗಿಕೊಳ್ಳಲು ಆಗುವುದಿಲ್ಲ.

ಮದ್ದೂರಿನವಳು

ಅಣ್ಣಾ, ನಾನು ಮದ್ದೂರಿನಿಂದ ಬೆಂಗಳೂರಿನ ಒಂದು ಆಸ್ಪತ್ರೆಗೆ ಶುಶ್ರೂಷಕಿಯಾಗಿ ಹೋಗಿ ಬರುತ್ತೇನೆ. ಬೆಳಗಿನ ಪಾಳಿಯಿದ್ದರೆ ಮೊದಲ ಬಸ್ಸು, ಸಾಮಾನ್ಯ ಪಾಳಿಯಿದ್ದರೆ ಚಾಮುಂಡಿ ಎಕ್ಸ್‌ಪ್ರೆಸ್. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದ ನೌಕರರಿಗೆ ಆ ರೈಲು ಎಷ್ಟು ಮುಖ್ಯವೆಂಬುದು ಆ ಭಾಗದವರಿಗೆ ಗೊತ್ತೇ ಇದೆ.

ಮೇಷ್ಟ್ರು ಹೇಳಿದ ಅಧ್ಯಯನದಲ್ಲಿ ಮಹಿಳೆಯರನ್ನೇ ಕೇಳಿದ್ದರೆಂಬುದನ್ನು ಓದಿ ನನಗೆ ಸಮಾಧಾನವಾಯಿತು, ಏಕೆಂದರೆ ಈ ಲೆಕ್ಕವನ್ನು ಗಂಡಸರು ಹಾಕುವ ರೀತಿಗೂ ನಾವು ಹಾಕುವ ರೀತಿಗೂ ಬಹಳ ವ್ಯತ್ಯಾಸವಿದೆ. ತಾವು ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿನವರೆಗೆ ಎಣಿಸಿ ಎರಡೂವರೆ ಗಂಟೆ ಎಂದಿದ್ದೀರಿ. ನನ್ನ ಲೆಕ್ಕ ಒಲೆ ಹಚ್ಚುವಲ್ಲಿಂದ ಶುರುವಾಗುತ್ತದೆ. ಐದು ಗಂಟೆಗೆ ಮೊದಲೇ ಎದ್ದು, ಮಕ್ಕಳ ಡಬ್ಬಿಗೆ ಚಿತ್ರಾನ್ನವನ್ನೋ ಉಪ್ಪಿಟ್ಟನ್ನೋ ಮಾಡಿ, ಮಧ್ಯಾಹ್ನಕ್ಕೆ ಅತ್ತೆಯವರು ಮುದ್ದೆ ತಿರುವಿಕೊಳ್ಳಲು ಸಾರು ಕಾಯಿಸಿಟ್ಟು ಹೊರಡಬೇಕು. ಸಂಜೆ ಬರುವಾಗಲೂ ಕೆಲಸ ಬಿಡುವುದಿಲ್ಲ. ಅವರೆಕಾಯಿಯ ಕಾಲದಲ್ಲಿ ನಮ್ಮ ಮಹಿಳಾ ಬೋಗಿಯನ್ನು ನೋಡಬೇಕು: ಸೀಟಿನ ಅಂಚಿಗೆ ಚೀಲ ಸಿಕ್ಕಿಸಿ, ಮಡಿಲಲ್ಲಿ ಸೀರೆಯ ಸೆರಗನ್ನೋ ವೇಲನ್ನೋ ಹರಡಿಕೊಂಡು, ಕೆಂಗೇರಿ ದಾಟುವಷ್ಟರಲ್ಲಿ ಒಬ್ಬೊಬ್ಬರು ಒಂದು ಸೇರು ಕಾಯಿ ಸುಲಿದು ಮುಗಿಸಿರುತ್ತಾರೆ. ಯಾರಿಗಾದರೂ ಆ ದಿನ ಮನೆಗೆ ನೆಂಟರು ಬರುವವರಿದ್ದರೆ ಅಕ್ಕಪಕ್ಕದವರೂ ಕೈಜೋಡಿಸುತ್ತಾರೆ. ಚನ್ನಪಟ್ಟಣ ಬರುವಷ್ಟರಲ್ಲಿ ಸೊಪ್ಪು ಸೋಸಿ, ಬೆಳ್ಳುಳ್ಳಿ ಬಿಡಿಸಿ ಡಬ್ಬಿಗೆ ತುಂಬಿಟ್ಟಿರುತ್ತೇವೆ. ಮನೆಗೆ ಹೋದ ಮೇಲೆ ಕುಕ್ಕರ್ ಇಟ್ಟರೆ ಸಾಕು ಎಂಬಂತೆ ಮಾಡಿಕೊಳ್ಳದಿದ್ದರೆ ಮಕ್ಕಳು ಊಟವಿಲ್ಲದೆ ಮಲಗಿಬಿಡುತ್ತವೆ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ತಾವು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದರೆ, ತಾಯಿಯವರಿಗೆ ಮಾತ್ರೆ ಕೊಡುವುದು, ಮಗಳನ್ನು ಟ್ಯೂಷನ್ನಿಂದ ಕರೆತರುವುದು, ಗ್ಯಾಸು, ನೀರು, ಬ್ಯಾಂಕು ಎಲ್ಲವೂ ತಮ್ಮ ಶ್ರೀಮತಿಯವರ ತಲೆಗೆ ಬರುತ್ತವೆ. ಅವರೂ ಶಾಲೆಗೆ ಹೋಗಿ ಬರುವವರು. ಹಾಗಾಗಿ ಎಷ್ಟು ಹೊತ್ತಿನ ಓಡಾಟ ಸಹನೀಯ ಎಂಬುದನ್ನು ಓಡಾಡುವವರೊಬ್ಬರೇ ತೀರ್ಮಾನಿಸುವ ಹಾಗಿಲ್ಲ. ಮೊದಲು ಅವರನ್ನು ಕೂರಿಸಿಕೊಂಡು, ತಮ್ಮಿಂದ ಆಗುತ್ತಿರುವ ಯಾವ ಯಾವ ಕೆಲಸ ಇನ್ನು ಮುಂದೆ ಆಗುವುದಿಲ್ಲ ಎಂದು ಪಟ್ಟಿ ಮಾಡಿ. ಆ ಪಟ್ಟಿಯನ್ನು ನೋಡಿ ಅವರು ಏನು ಹೇಳುತ್ತಾರೋ ಅದೇ ತಮಗೆ ಬೇಕಾದ ಗೆರೆ.

ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಮೊದಲು ಬೇಡವೆಂದು ಬಿಟ್ಟಿದ್ದ ದೂರದ ಕೆಲಸಗಳಿಗೆ ಸೇರಿದ್ದಾರೆ. ಹಿಂದೆ ಸಂಬಳದ ದೊಡ್ಡ ಪಾಲು ಬಸ್ಸಿಗೇ ಹೋಗುತ್ತಿತ್ತು. ಅದು ತುಂಬಾ ಒಳ್ಳೆಯದಾಗಿದೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅವರಲ್ಲಿ ಕೆಲವರು ಒಂದು ವರ್ಷದೊಳಗೆ ಕೆಲಸ ಬಿಟ್ಟಿದ್ದೂ ಇದೆ, ಅದಕ್ಕೆ ದುಡ್ಡು ಕಾರಣವಾಗಿರಲಿಲ್ಲ. ನಿದ್ದೆ ಸಾಲದೆ ಆರೋಗ್ಯ ಕೆಟ್ಟಿತ್ತು.

ಊರ್ಗಾಂ ರೈಲುದಾರಿ

ಸಹನೀಯವೋ ಅಲ್ಲವೋ ಎಂದು ಕೇಳಿಕೊಳ್ಳಲು ಆಯ್ಕೆ ಇರಬೇಕಾಗುತ್ತದೆ. ಆಯ್ಕೆಯೇ ಇಲ್ಲದ ಊರಿನವನಾಗಿ ಈ ಚರ್ಚೆಗೆ ನನ್ನ ಮಾತನ್ನೂ ಸೇರಿಸಬೇಕೆನಿಸಿತು.

ಕೆ.ಜಿ.ಎಫ್.ನ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಊರಿನಲ್ಲಿ ಆ ಮಟ್ಟದ ಬೇರೆ ಉದ್ಯೋಗ ಇರಲಿಲ್ಲ. ಗಣಿ ಕಾರ್ಮಿಕರ ಮಕ್ಕಳು ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಭದ್ರತಾ ಕೆಲಸಗಳಿಗೆ ರೈಲು ಹತ್ತಿದರು. ಈಗ ಅವರ ಮಕ್ಕಳು ಹತ್ತುತ್ತಿದ್ದಾರೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ಒಂದರ ಹಿಂದೊಂದು ಪುಟ್ಟ ನಿಲ್ದಾಣಗಳಲ್ಲಿ ನಸುಕಿನಲ್ಲೇ ಜನ ನಿಂತಿರುತ್ತಾರೆ. ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಎರಡು ಗಂಟೆಗೂ ಮಿಕ್ಕು ಆಗುತ್ತದೆ. ಇಳಿದ ಮೇಲಿನ ಬಸ್ಸು, ನಡಿಗೆ ಬೇರೆ. ಇಡೀ ಊರು ಹೀಗೆ ಒಂದು ತಲೆಮಾರಿನ ಕಾಲ ಓಡಾಡಿದೆ.

ಇಷ್ಟು ಕಾಲ ಹೇಗೆ ತಾಳಿಕೊಂಡರು ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ. ಕೂರಲು ಜಾಗ ಸಿಕ್ಕರೆ ಎರಡು ಗಂಟೆ ಕಳೆಯಬಹುದು, ನಿಂತುಕೊಂಡು ಆಗುವುದಿಲ್ಲ. ಮಾರಿಕುಪ್ಪಂನಲ್ಲಿ ಹತ್ತುವವನಿಗೂ ಮಾಲೂರಿನಲ್ಲಿ ಹತ್ತುವವನಿಗೂ ಇರುವ ವ್ಯತ್ಯಾಸ ಅದೇ: ಮಾಲೂರಿನವನಿಗೆ ದಾರಿ ಕಡಿಮೆ, ಆದರೆ ಬಾಗಿಲ ಬಳಿ ಒಂದೇ ಕಾಲ ಮೇಲೆ ನಿಂತು ಬರುತ್ತಾನೆ. ಎರಡನೆಯದು ಜೊತೆಯವರು. ದಿನವೂ ಅದೇ ಬೋಗಿ, ಅದೇ ಮುಖಗಳು. ಒಬ್ಬ ಬರದಿದ್ದರೆ ಫೋನು ಮಾಡಿ ವಿಚಾರಿಸುತ್ತಾರೆ, ಒಬ್ಬರ ಮನೆಯ ಮದುವೆಗೆ ಬೋಗಿಯೇ ಹೋಗುತ್ತದೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ರೈಲು ಹೊತ್ತಿಗೆ ಸರಿಯಾಗಿ ಬರುವುದು. ತಿಂಗಳ ಸಂಬಳದವನಿಗೆ ಅರ್ಧ ಗಂಟೆ ತಡವಾದರೆ ಮೇಲಧಿಕಾರಿ ಒಂದು ಮಾತು ಅಂದಾನು. ದಿನಗೂಲಿಯವನು ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಕಂಟೋನ್ಮೆಂಟ್ ಮತ್ತು ವೈಟ್‌ಫೀಲ್ಡ್ ನಡುವೆ ಹಳಿಗಳನ್ನು ನಾಲ್ಕಕ್ಕೆ ಏರಿಸುವ ಕಾಮಗಾರಿ ಬೇಗ ಮುಗಿಯಲಿ ಎಂದು ನಮ್ಮ ಭಾಗದವರು ಕಾಯುತ್ತಿರುವುದು ಇದಕ್ಕೇ. ದೂರದ ಎಕ್ಸ್‌ಪ್ರೆಸ್ ರೈಲಿಗೆ ದಾರಿ ಬಿಡಲು ನಮ್ಮ ಗಾಡಿಯನ್ನು ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಒಳಗೆ ಕುಳಿತವರ ಮುಖ ನೋಡಲಾಗುವುದಿಲ್ಲ.

ಶಿರಾಗೇಟ್ ಅವರೇ, ಉಪನಗರ ರೈಲು ಬಂದ ಮೇಲೆ ಎಲ್ಲ ಸುಲಭವಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನೆಚ್ಚಿ ತೀರ್ಮಾನಿಸಬೇಡಿ. 2020ರಲ್ಲಿ ಒಪ್ಪಿಗೆ ಪಡೆದ 148 ಕಿಲೋಮೀಟರಿನ ಆ ಯೋಜನೆಯಲ್ಲಿ ತಮ್ಮ ದಿಕ್ಕಿನ ಮಲ್ಲಿಗೆ ಮಾರ್ಗ ಚಿಕ್ಕಬಾಣಾವರಕ್ಕೆ ನಿಲ್ಲುತ್ತದೆ, ನಮ್ಮ ದಿಕ್ಕಿನ ಪಾರಿಜಾತ ವೈಟ್‌ಫೀಲ್ಡ್‌ಗೆ ನಿಲ್ಲುತ್ತದೆ. ತುಮಕೂರೂ ಇಲ್ಲ, ಕೆ.ಜಿ.ಎಫ್. ಕೂಡ ಇಲ್ಲ.

ಡೊಂಬಿವಲಿ ಕನ್ನಡಿಗ

ಮುಂಬಯಿಯಿಂದ ಒಂದು ಚಿಕ್ಕ ಮಾತು. ಡೊಂಬಿವಲಿಯಲ್ಲಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವ ಲೋಕಲ್ ರೈಲಿನ ವೇಳೆಗೆ ತಕ್ಕಂತೆ ಸ್ನಾನ, ಪೂಜೆ, ತಿಂಡಿ ಎಲ್ಲವೂ ನಡೆಯುತ್ತವೆ. ಕೆಲವೇ ನಿಮಿಷಕ್ಕೊಂದು ರೈಲಿದೆ, ಆದ್ದರಿಂದ ಸಮಯದ ತೊಂದರೆ ನಮಗಿಲ್ಲ. ನೂಕುನುಗ್ಗಲಿನಲ್ಲಿ ಜೀವ ಉಳಿಸಿಕೊಳ್ಳುವುದೇ ನಮಗೆ ತೊಂದರೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡರು. ನಾನು ದಿನವೂ ಹೋಗುವ ದಾರಿ ಅದು. ಅಂದಿನಿಂದ ಮನೆಯವರು ನಾನು ಇಳಿದ ಕೂಡಲೇ ಫೋನು ಮಾಡಬೇಕೆಂದು ಹಟ ಹಿಡಿದಿದ್ದಾರೆ. ಸಮಯ ಎಷ್ಟಾಗುತ್ತದೆ ಎಂಬುದರ ಜೊತೆಗೆ, ಆ ಸಮಯದಲ್ಲಿ ನೀವು ಯಾವ ಸ್ಥಿತಿಯಲ್ಲಿರುತ್ತೀರಿ ಎಂಬುದನ್ನೂ ನೋಡಿ.

ಶಿರಾಗೇಟ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಮದ್ದೂರಿನ ಅಕ್ಕ ಹೇಳಿದಂತೆ ಪತ್ನಿಯೊಂದಿಗೆ ಕುಳಿತು ಮಾತನಾಡಿದೆ, ಹೊರವರ್ತುಲ ರಸ್ತೆಯವರು ಹೇಳಿದಂತೆ ಕೆಲಸದ ದಿನವೇ ಆ ದಾರಿಯಲ್ಲಿ ಹೋಗಿಯೂ ಬಂದೆ.

ಮೊದಲು ದಾರಿಯ ವಿಷಯ. ತುಮಕೂರಿನಲ್ಲಿ ಕೂರಲು ಜಾಗ ಸಿಕ್ಕಿತು. ಯಶವಂತಪುರದಲ್ಲಿ ಇಳಿದು, ಮೆಟ್ರೊ ನಿಲ್ದಾಣದವರೆಗೆ ನಡೆದು, ಬ್ಯಾಗಿನ ತಪಾಸಣೆಗೆ ಸಾಲಿನಲ್ಲಿ ನಿಂತು ಒಳಗೆ ಹೋಗುವುದಕ್ಕೇ ಹದಿನೈದು ನಿಮಿಷ ಹಿಡಿಯಿತು. ಇದು ನನ್ನ ಮೊದಲಿನ ಲೆಕ್ಕದಲ್ಲಿ ಇರಲೇ ಇಲ್ಲ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತನಕ ಕೈ ಅಲುಗಾಡಿಸಲೂ ಜಾಗವಿರಲಿಲ್ಲ. ಆರ್.ವಿ. ರಸ್ತೆಯಲ್ಲಿ ಕಾಯುವುದೂ ಸೇರಿ ಮನೆಯಿಂದ ಕಚೇರಿಯ ಗೇಟಿಗೆ ಎರಡು ಗಂಟೆ ಐವತ್ತು ನಿಮಿಷವಾಯಿತು. ಅದು ಮಳೆಯಿಲ್ಲದ, ರೈಲು ತಡವಾಗದ ದಿನ. ಖರ್ಚಿನ ಮಟ್ಟಿಗೆ ರೈಲಿನ ಮಾಸಿಕ ಪಾಸು ಅಗ್ಗ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ, ಹೋಗಿ ಬರುವ ಮೆಟ್ರೊ ವೆಚ್ಚ ತಿಂಗಳಿಗೆ ರೈಲಿನದಕ್ಕಿಂತ ಬಹಳ ಹೆಚ್ಚಾಗುತ್ತದೆ.

ಪತ್ನಿಯ ಮಾತು ನಾನು ಎಣಿಸಿದ್ದಕ್ಕಿಂತ ಖಚಿತವಾಗಿತ್ತು. ಬೆಳಗಿನ ಕೆಲಸವನ್ನು ಹೇಗೋ ನಿಭಾಯಿಸುತ್ತೇನೆ, ಆದರೆ ಸಂಜೆ ಏಳೂವರೆಯೊಳಗೆ ನೀವು ಮನೆಯಲ್ಲಿರಬೇಕು ಎಂದರು. ಮಗಳಿಗೆ ಗಣಿತ ಮತ್ತು ವಿಜ್ಞಾನ ಹೇಳಿಕೊಡುವುದು ನಾನು. ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ರಾತ್ರಿ ತಾಯಿಯವರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಲು ಪತ್ನಿಯೊಬ್ಬರ ಕೈಯಲ್ಲಿ ಆಗುವುದಿಲ್ಲ. ಈ ಎರಡನೆಯ ಕಾರಣದಿಂದ ಪಿ.ಜಿ.ಯಲ್ಲಿ ಉಳಿಯುವ ಯೋಚನೆಯನ್ನು ಪೂರ್ತಿ ಬಿಟ್ಟಿದ್ದೇನೆ. ಅಲ್ಲಿಗೆ ಸಂಜೆ ಏಳೂವರೆ ಎಂಬುದು ನಮ್ಮ ಮನೆಯ ಗೆರೆಯಾಯಿತು. ಈಗಿನ ದಾರಿಯಲ್ಲಿ ಅದನ್ನು ಮುಟ್ಟಬೇಕೆಂದರೆ ನಾಲ್ಕೂವರೆಗೇ ಕಚೇರಿ ಬಿಡಬೇಕು.

ಮಾದಾವರ

ಎಲ್ಲರೂ ರೈಲು, ಮೆಟ್ರೊ ಎನ್ನುತ್ತಿದ್ದೀರಿ, ನೈಸ್ ರಸ್ತೆಯನ್ನು ಯಾರೂ ಎತ್ತಲಿಲ್ಲ. ತುಮಕೂರು ರಸ್ತೆಯ ಮಾದಾವರದ ಬಳಿಯಿಂದ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯವರೆಗೆ ಆ ರಸ್ತೆ ಸುಮಾರು 41 ಕಿಲೋಮೀಟರ್ ಇದೆ, ನಗರದ ಒಳಗೆ ಕಾಲಿಡದೆ ಸುತ್ತಿಕೊಂಡು ಹೋಗುತ್ತದೆ. ಸುಂಕ ದುಬಾರಿ ನಿಜ, ಆದರೆ ಸಿಗ್ನಲ್ ಇಲ್ಲ. ತುಮಕೂರಿನಿಂದ ಮಾದಾವರಕ್ಕೆ ಒಂದು ಗಂಟೆ, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಮುಕ್ಕಾಲರಿಂದ ಒಂದು ಗಂಟೆ ಹಿಡಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ದಾಬಸ್‌ಪೇಟೆ ಮತ್ತು ನೆಲಮಂಗಲದ ಸುತ್ತ ರಸ್ತೆ ಅಗಲಿಸುವ ಕಾಮಗಾರಿಯಿಂದ ಕೆಲವು ದಿನ ತಡವಾಗಬಹುದು.

ದಿನವೂ ತಾವೇ ಕಾರು ಓಡಿಸಬೇಕೆಂದು ನಾನು ಖಂಡಿತ ಹೇಳುವುದಿಲ್ಲ. ನಾಲ್ಕು ಗಂಟೆ ಸ್ಟೀರಿಂಗ್ ಹಿಡಿದವನು ಮನೆಗೆ ಬಂದು ಮಗಳಿಗೆ ಗಣಿತ ಹೇಳಿಕೊಡಲಾರ. ನನ್ನ ಸಲಹೆ ಕಂಪನಿ ಬಸ್ಸು. ಪೀಣ್ಯದಿಂದ ಒಂದು ವಿಭಾಗವನ್ನೇ ಎತ್ತಿ ಆ ತುದಿಗೆ ಹಾಕುತ್ತಿದ್ದಾರೆಂದರೆ ದಾಸರಹಳ್ಳಿ, ನಾಗಸಂದ್ರ, ನೆಲಮಂಗಲ ಕಡೆಯ ಎಲ್ಲ ನೌಕರರಿಗೂ ಇದೇ ಸಂಕಟವಿರುತ್ತದೆ. ಒಬ್ಬೊಬ್ಬರಾಗಿ ಹೋಗಿ ಕೇಳಿದರೆ ಪ್ರತಿಯೊಬ್ಬರಿಗೂ ಸಮಾಧಾನದ ಮಾತು ಹೇಳಿ ಕಳುಹಿಸುತ್ತಾರೆ. ಎಲ್ಲರೂ ಸೇರಿ ಮಾದಾವರದಿಂದ ನೈಸ್ ರಸ್ತೆಯ ಮೇಲೆ ಬಸ್ಸು ಬೇಕೆಂದು ಬರೆದುಕೊಟ್ಟರೆ ಅದನ್ನು ತಳ್ಳಿಹಾಕುವುದು ಕಷ್ಟ, ಏಕೆಂದರೆ ಸ್ಥಳಾಂತರದ ವರ್ಷದಲ್ಲೇ ಅನುಭವಿಗಳು ಬಿಟ್ಟುಹೋದರೆ ಸಂಸ್ಥೆಗೇ ಹೆಚ್ಚು ನಷ್ಟ.

ಕಾರ್ಮಿಕ ವಕೀಲ

ಮೇಲಿನ ಸಲಹೆಗೆ ಪೂರಕವಾಗಿ ಕಾನೂನಿನ ಒಂದು ಅಂಶವನ್ನು ತಿಳಿಸುತ್ತೇನೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆಗುವ ಅಪಘಾತವು ಕೆಲಸದ ಸಂಬಂಧದ್ದೇ ಎಂದು ಪರಿಗಣಿಸಲು ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಕಾಯ್ದೆಗೆ 2010ರಲ್ಲಿ 51ಇ ಎಂಬ ಕಲಮನ್ನು ಸೇರಿಸಲಾಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು ಪಾಳಿಗೆ ಬರುವ ದಾರಿಯಲ್ಲಿ ಮೃತಪಟ್ಟ ಪ್ರಕರಣದಲ್ಲಿ, ನೌಕರರ ಪರಿಹಾರ ಕಾಯ್ದೆಯಡಿಯಲ್ಲೂ ಅಂಥ ಅಪಘಾತಕ್ಕೆ ಪರಿಹಾರ ಸಲ್ಲುತ್ತದೆ ಎಂದು ತೀರ್ಪು ನೀಡಿತು. ಅಪಘಾತದ ಸಮಯ, ಸ್ಥಳ ಮತ್ತು ಸಂದರ್ಭಕ್ಕೂ ಕೆಲಸಕ್ಕೂ ಸಂಬಂಧವಿರುವುದನ್ನು ತೋರಿಸಬೇಕಾಗುತ್ತದೆ. ಇ.ಎಸ್.ಐ. ವ್ಯಾಪ್ತಿಗೆ ಎಲ್ಲರೂ ಬರುವುದಿಲ್ಲ, ವೇತನದ ಮಿತಿ ಇದೆ. ತಮ್ಮ ಸಂಸ್ಥೆಯ ಗುಂಪು ವಿಮೆಯಲ್ಲಿ ಪ್ರಯಾಣದ ಅಪಘಾತ ಸೇರಿದೆಯೇ ಎಂಬುದನ್ನು ಸ್ಥಳಾಂತರಕ್ಕೆ ಮೊದಲೇ ಕೇಳಿ ತಿಳಿದುಕೊಳ್ಳಿ. ನಸುಕಿನಲ್ಲಿ ನಿಲ್ದಾಣದವರೆಗೆ ದ್ವಿಚಕ್ರ ವಾಹನದಲ್ಲಿ ಹೋಗುವವರಿಗೆ ಇದು ಚಿಕ್ಕ ವಿಷಯವಲ್ಲ.

ನಗರ ಯೋಜನೆಯ ಮೇಷ್ಟ್ರು

ಏಳೂವರೆ ಎಂಬ ಗೆರೆ ನನಗೆ ಬಹಳ ಸರಿಯೆನಿಸಿತು. ಇಷ್ಟು ನಿಮಿಷದ ಓಡಾಟ ಎಂದು ಗೆರೆ ಎಳೆದರೆ ಅದು ಹತ್ತು ಹತ್ತು ನಿಮಿಷ ಹಿಗ್ಗುತ್ತಾ ಹೋಗುತ್ತದೆ. ಇಷ್ಟು ಗಂಟೆಗೆ ಮನೆಯಲ್ಲಿರಬೇಕು ಎಂದಾಗ ಅದನ್ನು ಮೀರಿದ್ದು ಅಂದೇ ಮನೆಯವರೆಲ್ಲರಿಗೂ ತಿಳಿಯುತ್ತದೆ. ವಾರದಲ್ಲಿ ಎಷ್ಟು ದಿನ ಹೋಗಬೇಕು ಎಂಬುದನ್ನೂ ಇದರೊಂದಿಗೆ ಸೇರಿಸಿ ನೋಡಿ. ವಿನ್ಯಾಸದ ಕೆಲಸದಲ್ಲಿ ಎರಡು ದಿನವಾದರೂ ಮನೆಯಿಂದ ಮಾಡಲು ಸಾಧ್ಯವಿರಬೇಕು. ವಾರಕ್ಕೆ ಐದು ದಿನ ದಿನಕ್ಕೆ ನಾಲ್ಕು ಗಂಟೆ ಓಡಾಡುವುದಕ್ಕೂ ಮೂರೇ ದಿನ ಓಡಾಡುವುದಕ್ಕೂ ಇರುವ ಅಂತರ ಎಂಟು ಗಂಟೆ, ಅಂದರೆ ಪೂರ್ತಿ ಒಂದು ಕೆಲಸದ ದಿನ.

ಊರ್ಗಾಂ ರೈಲುದಾರಿ

ಒಂದು ಮಾತು ಸೇರಿಸುತ್ತೇನೆ. ಬಸ್ಸು ಕೊಟ್ಟರೂ ರೈಲಿನ ಮಾಸಿಕ ಪಾಸನ್ನು ಬಿಡಬೇಡಿ. 150 ಕಿಲೋಮೀಟರ್‌ವರೆಗಿನ ದೂರಕ್ಕೆ ರೈಲ್ವೆಯವರು ಪಾಸು ಕೊಡುತ್ತಾರೆ, ಮೈಸೂರಿನವರೂ ಅದರಲ್ಲೇ ಬರುತ್ತಾರೆ. ತುಮಕೂರಿಗೆ ಅದರ ಅರ್ಧದಷ್ಟೂ ದೂರವಿಲ್ಲ, ಹಾಗಾಗಿ ಬೆಲೆ ಭಾರವಾಗದು. ಬಸ್ಸು ಕೆಟ್ಟ ದಿನ, ಬಂದ್ ಇರುವ ದಿನ ಕೈಯಲ್ಲಿ ಇನ್ನೊಂದು ದಾರಿ ಇರಬೇಕು. ಪಾಸಿನವರು ಕಾಯ್ದಿರಿಸಿದ ಬೋಗಿಗೆ ಹತ್ತಿದರೆ ದಂಡ ಬೀಳುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಶಿರಾಗೇಟ್ ನಿವಾಸಿ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ವಿಭಾಗದವರೆಲ್ಲ ಸೇರಿ ಮನವಿ ಕೊಟ್ಟೆವು. ಮಾದಾವರದಿಂದ ನೈಸ್ ರಸ್ತೆಯ ಮೂಲಕ ಬಸ್ಸು ಕೊಡಲು ಸಂಸ್ಥೆಯವರು ಒಪ್ಪಿದ್ದಾರೆ. ತುಮಕೂರಿನಿಂದ ಮಾದಾವರದವರೆಗೆ ನಾವು ನಾಲ್ವರು ಒಂದೇ ಕಾರಿನಲ್ಲಿ ಸರದಿಯಂತೆ ಹೋಗುತ್ತೇವೆ. ನನಗೆ ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆಯಿಂದ ಕೆಲಸ. ಬಸ್ಸು ಸಂಜೆ ಐದೂಕಾಲಿಗೆ ಹೊರಡುತ್ತದೆ. ಏಳೂವರೆಗೆ ಮನೆ ಮುಟ್ಟುವುದು ಸಾಧ್ಯ, ಕೆಲವು ದಿನ ಎಂಟಾಗಬಹುದು. ಪತ್ನಿ ಅದಕ್ಕೆ ಒಪ್ಪಿದ್ದಾರೆ, ಆದರೆ ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಾತ್ರ; ಆಮೇಲೆ ಮತ್ತೆ ಕೂತು ಮಾತನಾಡಬೇಕೆಂದು ಹೇಳಿದ್ದಾರೆ.

ಜೊತೆಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಎರಡು ಕಡೆ ಅರ್ಜಿಯನ್ನೂ ಹಾಕಿದ್ದೇನೆ. ಸಂಬಳ ಈಗಿನದಕ್ಕಿಂತ ಕಡಿಮೆ, ಆದರೆ ಮನೆಯಿಂದ ಅರ್ಧ ಗಂಟೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಜಿಲ್ಲೆಯಲ್ಲೇ ಯಂತ್ರ ವಿನ್ಯಾಸದವರಿಗೆ ಕೆಲಸ ಹೆಚ್ಚಬಹುದೆಂಬ ಆಸೆ ನನಗಿದೆ. ಸಂಬಳ ಕಡಿಮೆಯಾದರೆ ಮನೆಯ ಕಂತಿಗೆ ಎಷ್ಟು ಕೊರತೆ ಬೀಳುತ್ತದೆ ಎಂದು ಲೆಕ್ಕ ಹಾಕಿದೆವು. ಮೆಟ್ರೊ, ಹೊರಗಿನ ಊಟ, ಸುಂಕ ಇವುಗಳಿಗೆ ಹೋಗುವ ಹಣವನ್ನು ಕಳೆದರೆ ಆ ಕೊರತೆ ನಾವು ಹೆದರಿದಷ್ಟು ದೊಡ್ಡದಲ್ಲ.

ಮದ್ದೂರಿನವಳು

ಒಳ್ಳೆಯದಾಯಿತು ಅಣ್ಣಾ. ಬಸ್ಸಿನ ವಿಷಯವನ್ನೂ ಮೂರು ದಿನದ ವಿಷಯವನ್ನೂ ಬಡ್ತಿಯ ಆದೇಶದಲ್ಲೇ ಬರೆಸಿಕೊಳ್ಳಿ. ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರಿಗೆ ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದ ವಾಹನವನ್ನು ಹೊಸ ಆಡಳಿತಾಧಿಕಾರಿ ಬಂದ ತಿಂಗಳೇ ನಿಲ್ಲಿಸಿಬಿಟ್ಟರು. ತೋರಿಸಲು ನಮ್ಮಲ್ಲಿ ಒಂದು ಕಾಗದವೂ ಇರಲಿಲ್ಲ. ಬಸ್ಸು ನಿಲ್ಲಿಸುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕೆಂಬ ಒಂದು ಸಾಲನ್ನೂ ಸೇರಿಸಲು ಹೇಳಿ.